ಬೆಂಗಳೂರು ಗೃಹಗಣನಾ ಮೀಮಾಂಸೆ, ಅಥವಾ ಓನರ್ ಆಂಟಿ ಪ್ರಾಮಾಣ್ಯವಾದ

ಬೆಂಗಳೂರಿನಲ್ಲಿ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಮೂರು ಮತಗಳಿವೆ. ಮೊದಲನೆಯದು ಸರ್ಕಾರದ್ದು: 2011ರ ಜನಗಣತಿಯಂತೆ ಪಾಲಿಕೆಯ ಎಲ್ಲೆಯೊಳಗೆ ಸುಮಾರು 84 ಲಕ್ಷ, ಬೆಂಗಳೂರು ನಗರ ಜಿಲ್ಲೆಯನ್ನು ಪೂರ್ತಿ ಹಿಡಿದರೆ 96 ಲಕ್ಷ. ಎರಡನೆಯದು ಭಾಷಣಕಾರರದು: ಒಂದೂಕಾಲು ಕೋಟಿಯಿಂದ ಒಂದೂವರೆ ಕೋಟಿಯವರೆಗೆ, ಎದುರಿಗಿರುವ ಸಭೆಯ ಗಾತ್ರ ನೋಡಿಕೊಂಡು. ಮೂರನೆಯದು ಸಂಜೆ ಏಳು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರದು. ಅವರ ಪ್ರಕಾರ ಲೋಕದ ಸಕಲ ಜೀವರಾಶಿಯೂ ಇಲ್ಲಿಯೇ ಇದೆ.

ಮೂರೂ ಮತಗಳು ದುರ್ಬಲ. ಸರ್ಕಾರದ ಲೆಕ್ಕ 2011ರ ಮಾರ್ಚ್ 1ಕ್ಕೆ ನಿಂತುಹೋಗಿದೆ. 2021ರಲ್ಲಿ ಆಗಬೇಕಾಗಿದ್ದ ಗಣತಿ ಕೋವಿಡ್ ಕಾರಣಕ್ಕೆ ಮುಂದೆ ಹೋಗಿ, ಹೋದದ್ದು ಹೋಗುತ್ತಲೇ ಇದ್ದು, ಈಗ 2027ರ ಮಾರ್ಚ್ 1ಕ್ಕೆ ಮುಹೂರ್ತವಾಗಿದೆ. ಈ ನಡುವೆ ಪಾಲಿಕೆ ಬೀದಿನಾಯಿಗಳನ್ನು ಎರಡು ಸಲ ಎಣಿಸಿತು. 2019ರಲ್ಲಿ ಸುಮಾರು 3.10 ಲಕ್ಷವಿದ್ದದ್ದು 2023ರಲ್ಲಿ 2.79 ಲಕ್ಷಕ್ಕೆ ಇಳಿದಿತ್ತು. ಆದ್ದರಿಂದ ಈ ಊರಿನಲ್ಲಿ ನಾಯಿಗಳ ವಿಷಯ ವಿಜ್ಞಾನ, ಮನುಷ್ಯರ ವಿಷಯ ಪುರಾಣ.

ಇಷ್ಟಾದರೂ ಮನುಷ್ಯರ ಎಣಿಕೆ ಬೆಂಗಳೂರಿನಲ್ಲಿ ಒಂದು ದಿನವೂ ನಿಂತಿಲ್ಲ ಎಂಬುದೇ ಈ ಪ್ರಬಂಧದ ಸಿದ್ಧಾಂತ. ಎಣಿಸುವವರು ದೆಹಲಿಯಲ್ಲಿಲ್ಲ, ಗ್ರೌಂಡ್ ಫ್ಲೋರಿನಲ್ಲಿದ್ದಾರೆ. ನೈಟಿಯ ಮೇಲೊಂದು ಟವೆಲ್ ಹೊದ್ದು, ಕಿಟಕಿಯ ಪರದೆಯನ್ನು ಎರಡು ಬೆರಳಗಲ ಸರಿಸಿ ಕೂತಿರುವ ಆ ಸಂಸ್ಥೆಗೆ ಬಾಡಿಗೆದಾರರು ಓನರ್ ಆಂಟಿ ಎಂದು ಹೆಸರಿಟ್ಟಿದ್ದಾರೆ. ಅಂಕಲ್ ಎಂಬುವರೊಬ್ಬರೂ ಇರುತ್ತಾರೆ. ಅಗ್ರಿಮೆಂಟಿಗೆ ಸಹಿ ಹಾಕುವುದು, ಪೇಪರ್ ಓದುವುದು ಅವರ ಕ್ಷೇತ್ರ. ಗಣತಿಯಲ್ಲಿ ಅವರ ಪಾತ್ರ ಗೌಣ.

ಮೊದಲು ಪೂರ್ವಪಕ್ಷ. ಕುಟುಂಬ ಎಂದರೇನು? ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು ಎನ್ನುತ್ತದೆ ಜನಗಣತಿ. ಇದನ್ನು ಬರೆದವರು ದೊಡ್ಡ ಮನಸ್ಸಿನವರು, ಆದರೆ ಬೆಳ್ಳಂದೂರಿಗೆ ಬಂದವರಲ್ಲ. ಅಲ್ಲಿ ಒಂದು ಫ್ಲಾಟಿನ ನಾಲ್ವರಿಗೆ ನಾಲ್ಕು ಹೋಟೆಲಿನಿಂದ ನಾಲ್ಕು ಡೆಲಿವರಿ ಹುಡುಗರು ಬರುತ್ತಾರೆ. ಸ್ಟವ್ ಮೇಲೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿರುತ್ತದೆ. ಗಣತಿಯ ಸೂತ್ರ ಅನ್ವಯಿಸಿದರೆ ಇವು ನಾಲ್ಕು ಕುಟುಂಬಗಳು. ಅದೇ ಸೂತ್ರದಿಂದ ರಾತ್ರಿ ಎಂಟಕ್ಕೆ ಒಂದು ದರ್ಶಿನಿಯಲ್ಲಿ ನಿಂತು ತಿನ್ನುತ್ತಿರುವ ಅರವತ್ತು ಜನರೂ ಒಂದೇ ಕುಟುಂಬವಾಗಿಬಿಡುತ್ತಾರೆ, ಅವರು ಒಬ್ಬರನ್ನೊಬ್ಬರು ಸರಿಸುವ ರೀತಿ ನೋಡಿದರೆ ಅದೂ ತೀರಾ ತಪ್ಪೆನ್ನಲಾಗದು.

2011ರ ಲೆಕ್ಕದಲ್ಲಿ ನಗರದ ಕುಟುಂಬಕ್ಕೆ ಸರಾಸರಿ ನಾಲ್ಕು ಜನ. ಸರಾಸರಿ ನಾಲ್ಕು ಬಂತೆಂದು ಆಂಟಿ ಮೋಸಹೋಗುವುದಿಲ್ಲ. ನಾಲ್ಕು ಎಂದು ಹೇಳಿ ಆರು ಜನ ಸೇರಿದ ಮನೆಗಳೂ ಆರು ಜನರಿಗೆಂದು ಕಟ್ಟಿಸಿ ಇಬ್ಬರೇ ಉಳಿದ ಮನೆಗಳೂ ಆ ಸರಾಸರಿಯೊಳಗೆ ಅಡಗಿರುವುದು ಅವರಿಗೆ ಗೊತ್ತು. ಎರಡನೆಯ ಬಗೆಯ ಮನೆ ಯಾರದ್ದು ಎಂಬುದನ್ನು ಮುಂದೆ ನೋಡೋಣ.

ಈಗ ಪ್ರಮಾಣಗಳು. ನೈಯಾಯಿಕರು ಒಪ್ಪುವ ಪ್ರತ್ಯಕ್ಷಪ್ರಮಾಣ ಇಲ್ಲಿ ಚಪ್ಪಲಿ. ಬಾಗಿಲ ಹೊರಗೆ ಬಿಟ್ಟ ಜೋಡಿಗಳನ್ನು ಆಂಟಿ ಬೆಳಗಿನ ರಂಗೋಲಿ ಮುಗಿಸಿ ಮೇಲೆ ಟ್ಯಾಂಕ್ ನೋಡಲು ಹೋಗುವಾಗ ಒಮ್ಮೆ, ಒಣಗಿದ ಬಟ್ಟೆ ತರಲು ಹೋಗುವಾಗ ಒಮ್ಮೆ ಎಣಿಸುತ್ತಾರೆ. ಅನುಮಾನಪ್ರಮಾಣಕ್ಕೆ ಬಂದರೆ ಗೇಟಿಗೆ ಕಟ್ಟಿದ ಹಾಲಿನ ಚೀಲ. ಇಬ್ಬರ ಮನೆಗೆ ಅರ್ಧ ಲೀಟರಿನ ಒಂದು ನಂದಿನಿ ಪ್ಯಾಕೆಟ್ ಸಾಕು. ಎರಡನೆಯದು ಬಂದರೆ ಊರಿಂದ ಯಾರೋ ಬಂದಿದ್ದಾರೆ. ವಾರದ ನಂತರವೂ ಬರುತ್ತಿದ್ದರೆ ಬಂದವರು ಹೋಗಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಲು ನೈಯಾಯಿಕರಿಗೆ ಬೆಟ್ಟವೇ ಬೇಕಾಯಿತು. ಎರಡನೇ ಮಹಡಿಯಿಂದ ಇಳಿದ ಒಗ್ಗರಣೆಯ ವಾಸನೆಯಿಂದ ಒಣಮೀನು ಯಾವ ಕರಾವಳಿಯದೆಂದು ಊಹಿಸಲು ಆಂಟಿಗೆ ಮೂಗು ಸಾಕು.

ಇಷ್ಟು ಎಣಿಸುವುದೇಕೆ? ಕೆಲವು ವಿದ್ವಾಂಸರು ಇದನ್ನು ಕುತೂಹಲ ಎಂದು ತಳ್ಳಿಹಾಕಿದ್ದಾರೆ. ತಪ್ಪು. ಕಾರಣ ನೀರು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ಎರಡು ದಿನಕ್ಕೊಮ್ಮೆ ಸಂಪಿಗೆ ಬೀಳುತ್ತದೆ. ಬಿಲ್ಲು ಒಂದೇ, ಅದನ್ನು ತಲೆಗಿಷ್ಟು ಎಂದು ಹಂಚಬೇಕು. ತಲೆ ತಪ್ಪಿದರೆ ಲೆಕ್ಕ ತಪ್ಪುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಕಟ್ಟಬೇಕಾಗಿ ಬಂದಾಗ ಈ ಗಣತಿ ದಿನಕ್ಕೆರಡು ಬಾರಿಯಿಂದ ಗಂಟೆಗೊಮ್ಮೆಗೆ ಏರಿತ್ತು. ಕುಟುಂಬದ ಮುಖ್ಯಸ್ಥರು ಯಾರು ಎಂಬ ಚರ್ಚೆಯೂ ಇಲ್ಲಿಗೇ ಮುಗಿಯುತ್ತದೆ. ಮನೆಯವರು ಯಾರನ್ನು ಒಪ್ಪುತ್ತಾರೋ ಅವರೇ ಮುಖ್ಯಸ್ಥರು ಎನ್ನುತ್ತದೆ ಜನಗಣತಿ. ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಶುರುವಾದ ಮೇಲೆ ಅತ್ತೆ ಸೊಸೆಯರಲ್ಲಿ ಯಜಮಾನಿ ಯಾರು ಎಂಬ ವೇದಾಂತ ಮನೆಮನೆಯಲ್ಲೂ ನಡೆಯಿತು. ಬಾಡಿಗೆ ಮನೆಗಳಲ್ಲಿ ಈ ವಾದವೆಲ್ಲ ವ್ಯರ್ಥ. ಮೋಟಾರಿನ ಸ್ವಿಚ್ ಯಾರ ಮನೆಯೊಳಗಿದೆಯೋ ಆ ಕಟ್ಟಡದ ಸಕಲ ಕುಟುಂಬಗಳ ಮುಖ್ಯಸ್ಥರು ಅವರೇ.

ವರ್ಗೀಕರಣದಲ್ಲೂ ಆಂಟಿಯ ಪದ್ಧತಿ ಸರ್ಕಾರದ್ದಕ್ಕಿಂತ ಸೂಕ್ಷ್ಮ. ಗಂಡ, ಹೆಂಡತಿ, ಗೋಡೆ ಮೇಲೆ ಗೀಚದ ವಯಸ್ಸಿನ ಒಂದು ಮಗು ಇದ್ದರೆ ಫ್ಯಾಮಿಲಿ. ಮಕ್ಕಳು ಎರಡಾದರೆ ಫ್ಯಾಮಿಲಿಯೇ, ಆದರೆ ಅಡ್ವಾನ್ಸ್ ಜಾಸ್ತಿ. ಬಾಡಿಗೆದಾರನ ತಾಯಿ ಜೊತೆಗಿದ್ದರೆ ಅವರು ವಿಸಿಟರ್, ಹತ್ತು ವರ್ಷದಿಂದ ಇದ್ದರೂ. ಇನ್ನು ಬ್ಯಾಚುಲರ್ ಎಂದರೆ ಮದುವೆಯಾಗದವನು ಎಂದು ನಿಘಂಟಿನಲ್ಲಿದೆ. ಆಂಟಿಯ ಮತದಲ್ಲಿ ಕಣ್ಣಿಗೆ ಹೆಂಡತಿ ಕಾಣದವರೆಲ್ಲ ಬ್ಯಾಚುಲರ್. ಮಗಳ ಪಿಯುಸಿಗಾಗಿ ಹೆಂಡತಿಯನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದ, ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವ ಬ್ಯಾಂಕ್ ಮ್ಯಾನೇಜರೂ ಬ್ಯಾಚುಲರೇ, ಅವರಿಗೆ ರಾತ್ರಿ ಹತ್ತರ ಮೇಲೆ ಗೇಟಿಲ್ಲ. ಕೆಲಸಕ್ಕೆ ಹೋಗುವ ಒಂಟಿ ಹುಡುಗಿಗೆ ಈ ಶಾಸ್ತ್ರದಲ್ಲಿ ಸ್ವತಂತ್ರ ಅಸ್ತಿತ್ವವೇ ಇಲ್ಲ. ಅಪ್ಪ ಬಂದು ಮುಖ ತೋರಿಸಿ, ಫೋನ್ ನಂಬರ್ ಕೊಟ್ಟು ಹೋದ ಮೇಲಷ್ಟೇ ಅವಳು ಎಣಿಕೆಗೆ ಸಿಗುತ್ತಾಳೆ. ಮದುವೆಯಾಗದೆ ಒಟ್ಟಿಗಿರುವ ಹುಡುಗ ಹುಡುಗಿ ತಮ್ಮನ್ನು ಕಸಿನ್ಸ್ ಎಂದು ಬರೆಸುತ್ತಾರೆ. ಹೀಗಾಗಿ ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳ ನಡುವಿನ ಪ್ರೀತಿ ಅವಿಭಕ್ತ ಕುಟುಂಬಗಳ ಕಾಲಕ್ಕಿಂತ ಗಾಢವಾಗಿದೆ.

ಪೀಜಿಗಳ ವಿಚಾರದಲ್ಲಿ ಮಾತ್ರ ಸರ್ಕಾರ ಸತ್ಯದ ಸಮೀಪ ಬಂದಿದೆ ಎಂದು ಒಪ್ಪಬೇಕು. ಸಂಬಂಧವಿಲ್ಲದ ಜನ ಒಂದು ಸಂಸ್ಥೆಯಲ್ಲಿದ್ದು ಒಂದೇ ಅಡುಗೆ ಉಂಡರೆ ಜನಗಣತಿ ಅದನ್ನು ಸಾಂಸ್ಥಿಕ ಕುಟುಂಬ ಎನ್ನುತ್ತದೆ. ಹಾಸ್ಟೆಲು, ಆಶ್ರಮ, ಜೈಲು ಎಲ್ಲ ಅದೇ ಖಾನೆಗೆ ಬರುತ್ತವೆ. ಫೋರ್ ಶೇರಿಂಗಿನಲ್ಲಿ ಮೇಲಿನ ಮಂಚ ಸಿಕ್ಕವರು ಈ ಖಾನೆಯ ಔಚಿತ್ಯವನ್ನು ತಕ್ಷಣ ಗ್ರಹಿಸುತ್ತಾರೆ.

ಪ್ರಶ್ನಾವಳಿಗೆ ಬರೋಣ, ಇದು ಗ್ರಂಥದ ಹೃದಯಭಾಗ. 2011ರ ಗಣತಿಯ ಮನೆಪಟ್ಟಿಯಲ್ಲಿ 35 ಪ್ರಶ್ನೆಗಳಿದ್ದವು: ಗೋಡೆ ಯಾವುದರದ್ದು, ದೀಪ ಯಾವುದು, ಸೈಕಲ್ ಇದೆಯೇ. ಮುಂದಿನದಕ್ಕೆಂದು 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಮನೆಯಲ್ಲಿ ಮುಖ್ಯವಾಗಿ ಉಣ್ಣುವ ಧಾನ್ಯ ಯಾವುದು ಎಂಬುದನ್ನೂ ಸೇರಿಸಿದರು. ಧಾನ್ಯದಿಂದ ಏನು ತಿಳಿಯುತ್ತದೆ? ಆಂಟಿ ಕೇಳುವುದು ಧಾನ್ಯದ ಜೊತೆಗೇನು ಎಂದು. ಅದೂ ನೇರವಾಗಿ ಅಲ್ಲ. “ಅಡುಗೆ ಮನೇಲೇ ಮಾಡ್ಕೋತೀರಾ?” ಎಂದು ಶುರುವಾಗುತ್ತದೆ. “ಯಾವ ಕಡೆಯೋರು?” ಎಂದರೆ ಊರಲ್ಲ. “ಮನೆದೇವ್ರು ಯಾವ್ದು?” ಎಂದರೆ ಭಕ್ತಿಯಲ್ಲ. “ನಿಮ್ಮ ತಂದೆಯವರ ಹೆಸರೇನಂದ್ರಿ?” ಎಂಬುದಕ್ಕೆ ಉತ್ತರ ಬರುವಷ್ಟರಲ್ಲಿ ಕಾಫಿ ಕೊಡುವ ಲೋಟ ಸ್ಟೀಲಿನದೋ ಪೇಪರಿನದೋ ಎಂಬುದು ನಿಶ್ಚಯವಾಗಿರುತ್ತದೆ. ಕೆಲವು ಹೆಸರುಗಳಿಗೆ ಎರಡನೆಯ ಪ್ರಶ್ನೆಯ ಅಗತ್ಯವೂ ಬೀಳುವುದಿಲ್ಲ. ಹೆಸರು ಕಿವಿಗೆ ಬಿದ್ದೊಡನೆ ಮೇಲಿನ ಮನೆಯ ಕೀ ಅಂಕಲ್ ಬಳಿ ಇದ್ದು, ಅಂಕಲ್ ಹೊರಗೆ ಹೋಗಿರುತ್ತಾರೆ. “ಈಗ ತಾನೇ ಬೇರೆಯವರಿಗೆ ಮಾತು ಕೊಟ್ಬಿಟ್ವಲ್ಲಾ” ಎನ್ನುತ್ತಾರೆ ಆಂಟಿ. ಟು-ಲೆಟ್ ಬೋರ್ಡು ಮಾತ್ರ ಆ ಮಾತನ್ನು ಕೇಳಿಸಿಕೊಳ್ಳದೆ ಇನ್ನೊಂದು ತಿಂಗಳು ಗೇಟಿನಲ್ಲೇ ತೂಗುತ್ತದೆ. ಇದನ್ನು ಭೇದಭಾವ ಎನ್ನುವವರಿದ್ದಾರೆ. ಪ್ರಬಂಧಕಾರನ ದೃಷ್ಟಿಯಲ್ಲಿ ಇದು ದತ್ತಾಂಶ ಸಂಗ್ರಹ.

ಏಕೆಂದರೆ ಇತಿಹಾಸವನ್ನು ನೋಡಿ. ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಉಳಿದವರ ಜಾತಿಯನ್ನು ಭಾರತದ ಜನಗಣತಿ ಕೊನೆಯದಾಗಿ ಎಣಿಸಿ ಪ್ರಕಟಿಸಿದ್ದು 1931ರಲ್ಲಿ. ಆಗ ಬೆಂಗಳೂರಿನಲ್ಲಿ ಮೂರು ಲಕ್ಷ ಚಿಲ್ಲರೆ ಜನ. ಆಮೇಲೆ ಎಚ್‌ಎಎಲ್ ಬಂತು, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು, ಊರು 1941ರಿಂದ 1951ರೊಳಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಸಾಫ್ಟ್‌ವೇರ್ ಬಂದು ಮತ್ತೆ ಮತ್ತೆ ಹಿಗ್ಗಿತು. ಈ ಎಂಟೊಂಬತ್ತು ದಶಕ ಸರ್ಕಾರ ಕೈಬಿಟ್ಟ ಅಂಕಣವನ್ನು ವಠಾರದ ಕಾಲದಿಂದ ಅಪಾರ್ಟ್‌ಮೆಂಟಿನ ಕಾಲದವರೆಗೆ, ಒಂದು ರೂಪಾಯಿ ಅನುದಾನವಿಲ್ಲದೆ, ಒಂದೇ ಒಂದು ಮನೆಯನ್ನೂ ಬಿಡದೆ ತುಂಬುತ್ತ ಬಂದವರು ಯಾರು? 2027ರಲ್ಲಿ ಜಾತಿಯನ್ನು ಮತ್ತೆ ಎಣಿಸುತ್ತೇವೆಂದು ಕೇಂದ್ರ ಹೇಳಿದಾಗ ದೇಶವೆಲ್ಲ ಚರ್ಚೆಯಲ್ಲಿ ಮುಳುಗಿತು. ಗ್ರೌಂಡ್ ಫ್ಲೋರಿನಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ.

ಕಾಲಗಣನೆಯ ಬಗ್ಗೆ ಎರಡು ಮಾತು. ಸರ್ಕಾರದ ಗಣತಿಗೆ ಹತ್ತು ವರ್ಷ ಒಂದು ಯುಗ. ಬಾಡಿಗೆ ಮನೆಯಲ್ಲಿ ಯುಗವೆಂದರೆ ಹನ್ನೊಂದು ತಿಂಗಳು, ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ. ಯುಗಾಂತ್ಯದಲ್ಲಿ ಬಾಡಿಗೆ ಏರುತ್ತದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಹತ್ತು ತಿಂಗಳು ಎಂಬುದು ಈ ಊರಿನ ಹಳೆಯ ವಾಡಿಕೆ. ಶ್ರುತಿಗೂ ರೂಢಿಗೂ ವಿರೋಧ ಬಂದಾಗ ರೂಢಿಯೇ ಬಲವತ್ತರ, ಕೀ ರೂಢಿಯ ಕೈಯಲ್ಲಿರುವುದರಿಂದ.

ಜನಸಂಖ್ಯೆ ಇಳಿದದ್ದೂ ಉಂಟು. 1898ರ ಪ್ಲೇಗಿನಿಂದ ಊರು 1.80 ಲಕ್ಷದಿಂದ 1901ರ ವೇಳೆಗೆ 1.59 ಲಕ್ಷಕ್ಕೆ ಕುಗ್ಗಿತ್ತು. ಎರಡನೆಯ ಸಲ, 2020ರಲ್ಲಿ, ಕುಗ್ಗಿದ್ದನ್ನು ಯಾವ ಗಣತಿಯೂ ದಾಖಲಿಸಿಲ್ಲ. ಪೀಜಿಗಳು ಖಾಲಿಯಾದವು, ಬೀದಿಬೀದಿಯಲ್ಲಿ ಟು-ಲೆಟ್ ಬೋರ್ಡುಗಳು ನೇತಾಡಿದವು. ಬ್ಯಾಚುಲರ್‌ಗಳಿಗೂ ಕೊಡುತ್ತೇವೆ ಎಂಬ ಅಪೂರ್ವ ವಾಕ್ಯ ಆಗ ಕೇಳಿಬಂತೆಂದು ಹಿರಿಯ ಬ್ರೋಕರುಗಳು ಹೇಳುತ್ತಾರೆ. ಮುಂದಿನ ಸಂಶೋಧಕರು ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವ ಸಾಧ್ಯತೆ ಇದೆ.

ಕೊನೆಯದಾಗಿ ಒಂದು ದೃಷ್ಟಾಂತ, ಶಾಸ್ತ್ರದ ಅನುಕೂಲಕ್ಕೆ ಕಲ್ಪಿಸಿಕೊಂಡದ್ದು. ಮೂವತ್ತು-ನಲವತ್ತರ ಸೈಟು, ಮೂರು ಮಹಡಿ. 2011ರ ಫೆಬ್ರವರಿ. ಗಣತಿಗೆ ಬಂದ ಶಾಲೆಯ ಮೇಷ್ಟ್ರು ಗೇಟಿನಲ್ಲಿ ನಿಂತು ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ಮೇಲಿನ ಮನೆಗಳಲ್ಲಿ ಮೂವರು, ನಾಲ್ವರು, ಮೊನ್ನೆಯಿಂದ ಒಬ್ಬ ಭಾವಮೈದ ಬೇರೆ ಎಂದು ಆಂಟಿ ತಡವರಿಸದೆ ಒಪ್ಪಿಸುತ್ತಾರೆ. “ನಿಮ್ಮ ಮನೆಯಲ್ಲಿ, ತಾಯಿ?” “ಏಳು ಜನ.” ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಂದು ಮೊಮ್ಮಗು ಎಲ್ಲ ಬರುತ್ತದೆ ಪಟ್ಟಿಗೆ. ಒಳಗೆ ಎರಡು ರೂಮಿಗೆ ಬೀಗ ಹಾಕಿದೆ. ಮೇಷ್ಟ್ರು ಎಲ್ಲರೂ ಊರಲ್ಲಿದ್ದಾರಾ ಎನ್ನುತ್ತಾರೆ. ಒಬ್ಬ ನ್ಯೂಜರ್ಸಿ, ಇನ್ನೊಬ್ಬ ಡಲ್ಲಾಸ್. ಗಣತಿಯ ಅವಧಿಯಲ್ಲಿ ಒಂದು ದಿನವೂ ಇಲ್ಲದವರನ್ನು ಸೇರಿಸುವಂತಿಲ್ಲವಲ್ಲ ತಾಯಿ ಎಂದು ಮೇಷ್ಟ್ರು ಸಂಕೋಚದಿಂದ ನಿಯಮ ಹೇಳುತ್ತಾರೆ. “ಬೇಸಿಗೇಲಿ ಬರ್ತಾರೆ, ಬರ್ಕೊಳ್ಳಿ” ಎನ್ನುತ್ತಾರೆ ಆಂಟಿ. ಅಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದ ಎರಡನೇ ಮಹಡಿಯ ಬ್ಯಾಚುಲರ್, ಹೆಲ್ಮೆಟ್ ಹಾಕಿಕೊಳ್ಳುತ್ತ, “ಇಬ್ಬರೇ ಸರ್, ಆಂಟಿ ಅಂಕಲ್ ಇಬ್ಬರೇ” ಎಂದು ಸಹಾಯ ಮಾಡುತ್ತಾನೆ.

ಮೇಷ್ಟ್ರು ಎರಡು ಎಂದು ಬರೆದುಕೊಂಡರು. ಆ ಬ್ಯಾಚುಲರಿನ ಅಗ್ರಿಮೆಂಟು ಮುಗಿಯಲು ಇನ್ನೂ ಏಳು ತಿಂಗಳಿತ್ತು. ಮಾರ್ಚಿನಿಂದಲೇ ಅವನ ನೀರಿನ ಬಿಲ್ಲು ಇಬ್ಬರ ಲೆಕ್ಕದಲ್ಲಿ ಬರತೊಡಗಿತು.