ಅರಳಿಕಟ್ಟೆಯ ನಿವೃತ್ತ ದೇವರುಗಳು

ನಮ್ಮ ಬಡಾವಣೆಯ ಅರಳಿಕಟ್ಟೆ ಈಗ ದೇವರುಗಳ ವೃದ್ಧಾಶ್ರಮ. ಗಾಜು ಒಡೆದ ವೆಂಕಟರಮಣ, ಗೆದ್ದಲು ಹಿಡಿದ ಚೌಕಟ್ಟಿನ ಲಕ್ಷ್ಮಿ, ಕೊಳಲು ಕಳೆದುಕೊಂಡ ಕೃಷ್ಣ, ಎಲ್ಲರೂ ಮಳೆಯಲ್ಲಿ ನೆನೆಯುತ್ತ ಕೂತಿದ್ದಾರೆ. ತಂದಿಟ್ಟವರು ಕತ್ತಲಲ್ಲಿ ಬಂದು, ಕೈಮುಗಿದು, ಹಿಂದಿರುಗಿ ನೋಡದೆ ಸ್ಕೂಟರ್ ಹತ್ತುತ್ತಾರೆ. ಭಕ್ತಿಯೂ ಇರಬೇಕು, ಸಾಕ್ಷಿ ಇರಬಾರದು!

ಲಗ್ನಪತ್ರಿಕೆಗಳದ್ದು ಇನ್ನೂ ದೊಡ್ಡ ಪೀಕಲಾಟ. ಪ್ರತಿಯೊಂದರ ನೆತ್ತಿಯ ಮೇಲೂ ಗಣಪ. ರದ್ದಿಗೆ ಹಾಕಲು ಕೈ ಬಾರದು. ನಮ್ಮತ್ತೆ ಕತ್ತರಿ ಹಿಡಿದು ಗಣಪನನ್ನಷ್ಟೇ ಬಿಡಿಸಿಕೊಳ್ಳುತ್ತಾರೆ. ವಧೂವರರು ರದ್ದಿಗೆ, ಗಣಪ ಬಿಸ್ಕತ್ತಿನ ಡಬ್ಬಿಗೆ. ಡಬ್ಬಿ ತುಂಬಿ ಮುಚ್ಚಳ ಕೂರುತ್ತಿಲ್ಲ. ಖಾಲಿ ಮಾಡಿ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಹಾಗೆ ನೋಡಿದರೆ ಶಾಸ್ತ್ರ ನಮಗಿಂತ ಸಲೀಸು. ಉತ್ತರಪೂಜೆ ಮಾಡಿ, ಅಕ್ಷತೆ ಹಾಕಿ, ಮತ್ತೆ ಬಾರಪ್ಪ ಎಂದು ಕದಲಿಸಿದರೆ ಮುಗಿಯಿತು. ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಕರಗಿಸಿ ದಾಸವಾಳದ ಬುಡಕ್ಕೆ ಸುರಿಯಬಹುದು. (ತುಳಸಿಗೆ ಬೇಡ, ಅವರಿಬ್ಬರಿಗೂ ಆಗಿಬರುವುದಿಲ್ಲ.) ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪ ಮಾತ್ರ 'ಮತ್ತೆ ಬಾ' ಅಂದದ್ದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾನೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಸೊಂಡಿಲು ಸಮೇತ ಹಾಜರ್!

ನಾಸಿಕದ ಸಂಪೂರ್ಣಂ ಸೇವಾ ಫೌಂಡೇಶನ್ ಹಳೆಯ ದೇವರ ಪಟಗಳನ್ನು ಸಂಗ್ರಹಿಸಿ, ಉತ್ತರಪೂಜೆ ಮಾಡಿಸಿ, ಗಾಜು, ಮರ, ಕಾಗದ ಬೇರ್ಪಡಿಸಿ ಮರುಬಳಕೆಗೆ ಕಳಿಸುತ್ತದಂತೆ. ಮನೆಯಲ್ಲಿ ಈ ಸುದ್ದಿ ಓದಿ ಹೇಳಿದೆ.

"ಸರಿ, ದಕ್ಷಿಣೆ ಎಷ್ಟಂತೆ?" ಎಂದರು ನಮ್ಮತ್ತೆ.