ಮಂಟಪದ ಭಾವ

ಲಂಡನ್ನಿನ ಕನ್ನಡದವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಸುದ್ದಿ ಊರಲ್ಲಿರುವ ಸೋದರಮಾವನಿಗೆ ಮುಟ್ಟುವ ಮೊದಲು ಹ್ಯಾರೋದ ಈ ಮನುಷ್ಯನಿಗೆ ಮುಟ್ಟಿರುತ್ತದೆ. ಯಾರಿಗೂ ಸ್ವಂತ ಭಾವ ಅಲ್ಲ, ಆದರೂ ಎಲ್ಲರಿಗೂ ಭಾವ. ನನ್ನ ತಂಗಿಯ ಮಗಳ ಮದುವೆಗೆ ಡೆಕೋರೇಷನ್‌ನವರು ಎರಡೂವರೆ ಸಾವಿರ ಪೌಂಡ್ ಹೇಳಿಹೋದ ಸಂಜೆಯೇ ಫೋನ್ ಬಂತು.

“ಎರಡೂವರೆ ಸಾವಿರಾನಾ? ಅದರಲ್ಲಿ ಇನ್ನೊಂದು ಮದುವೆ ಮಾಡಬಹುದಲ್ಲ ಮಾರಾಯರೇ! ಇನ್ನೂರು ಕೊಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಮಿಕ್ಕಿದ್ದು ಅಂದರೆ ನಮ್ಮ ಏಣಿ, ನಮ್ಮ ಕಾರು, ನಮ್ಮ ಸೊಂಟ ಎಂದು ಆಮೇಲೆ ಗೊತ್ತಾಯಿತು.

ಅವರ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಕಂಡವರಿಲ್ಲ. ಅಲ್ಲಿರುವುದು ನಾಲ್ಕು ಥರ್ಮೋಕೋಲ್ ಕಂಬ, ಒಂದೊಂದರ ಬುಡದಲ್ಲಿ ಒಂದೊಂದು ಆನೆ. ಕಂಬದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮದುವೆಗೊಂದು ಗೀಟು ಎಳೆದಿದ್ದಾರೆ. ಎಣಿಸಿದೆ, ಮೂವತ್ತೊಂದಿದ್ದವು. ಮೂರನೆಯ ಆನೆಯ ಸೊಂಡಿಲು ಎಂದೋ ಮುರಿದು, ಪಾತ್ರೆ ತೊಳೆಯುವ ಸ್ಪಂಜನ್ನು ಕತ್ತರಿಸಿ ಅಂಟಿಸಿ ಬಂಗಾರದ ಬಣ್ಣ ಬಳಿದಿದ್ದರು. ಮುಟ್ಟಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. “ಅದು ಗಂಡಿನ ಕಡೆಯವರಿಗೆ ಕಾಣದ ಹಾಗೆ ಇಡೋಣ” ಎಂದರು, ಅಷ್ಟೇ.

ತೋರಣಕ್ಕೆ ಮಾವಿನೆಲೆ ಬೇಡವೇ? ಭಾವ ನನ್ನನ್ನು ಹಿತ್ತಲಿಗೆ ಕರೆದೊಯ್ದು ಪಕ್ಕದ ಮನೆಯ ಬೇಲಿ ತೋರಿಸಿದರು. ಲಂಡನ್ನಿನ ಹೊರವಲಯದಲ್ಲಿ ಬೀದಿಗೆರಡು ಮನೆಗೆ ಚೆರ್ರಿ ಲಾರೆಲ್ ಬೇಲಿ ಇರುತ್ತದೆ. ಉದ್ದ, ಹೊಳಪು, ದಪ್ಪ; ಹತ್ತಡಿ ದೂರದಿಂದ ಅಪ್ಪಟ ಮಾವಿನೆಲೆ. ಹಿಸುಕಿದರೆ ಕಹಿ ಬಾದಾಮಿಯ ವಾಸನೆ, ಎಲೆ ವಿಷ. “ತೋರಣ ಯಾರಾದ್ರೂ ತಿಂತಾರಾ?” ಎನ್ನುವುದು ಭಾವನ ವಾದ. ಕಲಶಕ್ಕೆ ಮಾತ್ರ ವೆಂಬ್ಲಿಯ ಈಲಿಂಗ್ ರೋಡಿನಿಂದ ಅಸಲಿ ಮಾವಿನೆಲೆ, ಲೆಕ್ಕ ಹಾಕಿ ಐದು. ಬೇಲಿ ಕತ್ತರಿಸಿಕೊಟ್ಟದ್ದಕ್ಕೆ ಪಕ್ಕದ ಮನೆಯ ಮುದುಕ ಥ್ಯಾಂಕ್ಸ್ ಹೇಳಿ ಚಹಾನೂ ಕೊಟ್ಟ. ಬಾಳೆಕಂದು ಕಡಿಯಲಿಲ್ಲ. ಚಳಿ ತಡೆಯುವ ಜಪಾನಿ ಬಾಳೆ ಬೆಳೆಸಿದವರೊಬ್ಬರಿಂದ ಎರಡನ್ನು ಕುಂಡ ಸಮೇತ ಎರವಲು ತಂದರು.

ಹೂವಿಗೆ ನೈನ್ ಎಲ್ಮ್ಸ್. 1974ರಲ್ಲಿ ಕೋವೆಂಟ್ ಗಾರ್ಡನ್ ಬಿಟ್ಟು ಬಂದ ಈ ಸಗಟು ಪೇಟೆಯಲ್ಲಿ ಹೂವಿನ ವ್ಯಾಪಾರ ಬೆಳಗಿನ ಜಾವ ನಾಲ್ಕಕ್ಕೆ ಶುರು, ಹತ್ತಕ್ಕೆ ಮುಗಿಯುತ್ತದೆ. ಹೋದದ್ದು ನನ್ನ ಕಾರಿನಲ್ಲಿ. ಭಾವನದು 2012ರ ಡೀಸೆಲ್. 2023ರ ಆಗಸ್ಟಿನಲ್ಲಿ ಹೊಗೆಯುಗುಳುವ ಹಳೇ ಗಾಡಿಗಳಿಗೆ ಸುಂಕ ಹಾಕುವ ಯೂಲೆಜ್ ವಲಯ ಇಡೀ ಲಂಡನ್ನಿಗೆ ಹಬ್ಬಿದ ಮೇಲೆ ಅದನ್ನು ಬೀದಿಗಿಳಿಸಿದರೆ ದಿನಕ್ಕೆ 12.50 ಪೌಂಡ್. ಎಲ್ಲರೂ ನಸುಕಿಗೇ ಹೋದರೆ ನಾವು ಒಂಬತ್ತೂಕಾಲಿಗೆ ಹೋದೆವು. “ಕೆ.ಆರ್. ಮಾರ್ಕೆಟ್ ಬುದ್ಧಿ ಇದು. ಅಂಗಡಿ ಕಟ್ಟೋ ಹೊತ್ತಿಗೆ ಕರೆದು ಕೊಡ್ತಾರೆ!” ಯಾರೂ ಕರೆಯಲಿಲ್ಲ. ಕಡೆಗೆ ಒಬ್ಬ ಬಿಳಿ ಸೇವಂತಿಗೆಯ ಪೆಟ್ಟಿಗೆಗೆ ರೇಟು ಇಳಿಸಿ, ಮೇಲೆ ಇಪ್ಪತ್ತು ಪರ್ಸೆಂಟ್ ವ್ಯಾಟ್ ಎಂದ. ಭಾವ ಅದನ್ನೂ ಬಿಡು ಎಂದರು. “ಅದನ್ನ ರಾಜನ್ನ ಕೇಳು” ಎಂದು ಅವನು ಶಟರ್ ಎಳೆದ. ಹಳದಿ ಸಿಗದ ಕಾರಣ ರಾತ್ರಿಯೆಲ್ಲ ಬಿಳಿ ಹೂವಿಗೆ ಅರಿಶಿನದ ನೀರು ಚಿಮುಕಿಸಿದೆವು. ನನ್ನ ಬೆರಳು ಮದುಮಗಳಿಗಿಂತ ಹೆಚ್ಚು ಹಳದಿಯಾಗಿತ್ತು.

ಮದುವೆ ಒಂದು ಪ್ರೈಮರಿ ಶಾಲೆಯ ಹಾಲಿನಲ್ಲಿ. ಗೋಡೆಗೆ ಮೊಳೆ ಹೊಡೆಯಬಾರದು, ಟೇಪು ಅಂಟಿಸಬಾರದು, ಮಕ್ಕಳು ಮಾಡಿದ್ದನ್ನು ಕೀಳಬಾರದು. ಭಾವ ಪರದೆಯ ಕೋಲುಗಳನ್ನು ನೆಟ್ಟು, ಹನ್ನೊಂದು ರೇಷ್ಮೆ ಸೀರೆಗಳನ್ನು ಸೆರಗಿಗೆ ಸೆರಗು ಪಿನ್ನು ಹಾಕಿ ಇಳಿಬಿಟ್ಟರು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಒಂದು ಮಾಲೆ ಬಿತ್ತು. ನಿಜ ಹೇಳುತ್ತೇನೆ, ದೀಪ ಹಾಕಿದಾಗ ನನ್ನ ತಂಗಿಯ ಕಣ್ಣಲ್ಲಿ ನೀರು ಬಂತು. ಎರಡೂವರೆ ಸಾವಿರದವರ ಆಲ್ಬಮ್ಮಿನಲ್ಲಿ ಅಂಥದ್ದಿರಲಿಲ್ಲ.

ಸೀರೆಗಳಲ್ಲಿ ಭಾವನ ಮನೆಯವು ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಕ್ರಾಯ್ಡನ್ನಿನಿಂದ ಬಂದ ಅತ್ತೆಯೊಬ್ಬರು ಮುಂದಿನ ಸಾಲಿನಲ್ಲಿ ಕೂತು ಎಡಗಡೆಯ ಮಾವಿನಕಾಯಿ ಬಣ್ಣದ ಮೊಳಕಾಲ್ಮೂರನ್ನೇ ನೋಡುತ್ತಿದ್ದರು. 2016ರಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಭಾವನ ಕೈಗೆ ಕೊಟ್ಟದ್ದಂತೆ. ಬ್ಲೂಟೂತ್ ಸ್ಪೀಕರಿನಲ್ಲಿ ಗಟ್ಟಿಮೇಳ ಮೊಳಗಿ ಎಲ್ಲರೂ ಅಕ್ಷತೆಗೆ ಎದ್ದಾಗ ಅವರೂ ಎದ್ದರು. ಸೀದಾ ಮಂಟಪದ ಹಿಂದೆ ಹೋಗಿ, ಗುರುತಿಗೆಂದು ಅಂಚು ತಿರುಗಿಸಿ, ಪಿನ್ನು ಬಿಚ್ಚಿದರು.

ಒಂದು ಹೋದ ಮೇಲೆ ಹತ್ತೂ ಹೋದವು.

ಹಿಂದಿನ ಗೋಡೆಯ ಮೇಲೆ ಮಕ್ಕಳು ಬಣ್ಣದ ಕಾಗದದಲ್ಲಿ ಮಾಡಿದ್ದ ಎಂಟನೆಯ ಹೆನ್ರಿ, ಹತ್ತಿಯ ಗಡ್ಡ ಬಿಟ್ಟುಕೊಂಡು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಅವನ ಸುತ್ತ ಪೇಪರ್ ತಟ್ಟೆಯ ಮುಖದ ಆರು ಹೆಂಡಂದಿರು. ಪುರೋಹಿತರು ಒಮ್ಮೆ ತಲೆಯೆತ್ತಿ ನೋಡಿ ಮಂತ್ರ ಬಿಡದೆ ಮುಂದುವರಿಸಿದರು. ಹುಡುಗ ಮೂರನೇ ಗಂಟು ಹಾಕಿದ. ಫೋಟೋದವನು ತನ್ನ ಕೆಲಸ ತಾನು ಮಾಡಿದ.

ತಿಪಟೂರಿನಿಂದ ಬಂದಿದ್ದ ಹುಡುಗನ ಅಜ್ಜಿ ಕೈಮುಗಿದು, “ಇದ್ಯಾವ ದೇವ್ರಪ್ಪಾ?” ಎಂದರು.

“ದೇವ್ರಲ್ಲ ಅಜ್ಜಿ, ಈ ಊರಿನ ಹಳೇ ರಾಜ. ಆರು ಮದುವೆ ಆದೋನು” ಎಂದರು ಭಾವ, ಸೀರೆ ಮಡಿಸುತ್ತ.

ಅಜ್ಜಿ ಆನೆಯ ಸ್ಪಂಜಿನ ಸೊಂಡಿಲನ್ನೊಮ್ಮೆ ಒತ್ತಿ ನೋಡಿದರು. “ಆರಕ್ಕೂ ನೀನೇ ಮಂಟಪ ಹಾಕಿದ್ದಾ?”