ನಿತ್ಯಲೇಖನ ಮೀಮಾಂಸೆ: ಬಿಟಿಎಂ ಲೇಔಟಿನಲ್ಲಿ ಆತ್ಮಕಥೆ ಮುಂದೆ ಹೋಗದಿರುವುದರ ಶಾಸ್ತ್ರೀಯ ವಿಚಾರ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳಿರಬೇಕೆಂದು ಹಿರಿಯರು ವಿಧಿಸಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯವೆಂದರೆ ಆತ್ಮಕಥೆಗೆ ಕೈ ಹಾಕಿದವನು ದಿನವೂ ತಪ್ಪದೆ ಬರೆಯುವ ಬಗೆ. ಪ್ರಯೋಜನ ಸದ್ಯಕ್ಕೆ ಗೋಚರವಾಗಿಲ್ಲ. ಸಂಬಂಧಗಳ ವಿಚಾರ ಸೂಕ್ಷ್ಮವಾದದ್ದು, ಕೆಲವು ಕೋರ್ಟಿನಲ್ಲಿರುವುದರಿಂದ ಅದನ್ನು ಮುಂದಕ್ಕೆ ಹಾಕಿದೆ. ಉಳಿದದ್ದು ಅಧಿಕಾರಿ, ಅಂದರೆ ಈ ವಿದ್ಯೆಗೆ ಯಾರು ಯೋಗ್ಯರು ಎಂಬ ಪ್ರಶ್ನೆ.

ಬಿಟಿಎಂ ಲೇಔಟಿನ ಮಟ್ಟಿಗೆ ಅಧಿಕಾರಿಯ ಲಕ್ಷಣವನ್ನು ಹೀಗೆ ನಿರೂಪಿಸಬಹುದು. ಅವನು ನಿವೃತ್ತನಾಗಿರಬೇಕು. ಮೂವತ್ತು-ನಲವತ್ತರ ಸೈಟು, ಸೈಟಿನ ಮೇಲೆ ನೆಲಮಹಡಿ, ಅದರ ಮೇಲೆ ಸಾಫ್ಟ್‌ವೇರ್ ಯುಗದಲ್ಲಿ ಎದ್ದ ಮೂರು ಮಹಡಿ, ಆ ಮೂರರಲ್ಲಿ ಪಿಜಿ ಇರಬೇಕು. ಬಾಡಿಗೆ ಒಂದನೇ ತಾರೀಖಿಗೆ ಬಂದು ಬೀಳುವುದರಿಂದ, ಬಾಳಿನ ಅರ್ಥವೇನೆಂದು ಚಿಂತಿಸಲು ಮಿಕ್ಕ ತಿಂಗಳೆಲ್ಲ ಖಾಲಿ. ಅಮೆರಿಕದಲ್ಲಿರುವ ಮಗ ವಿಡಿಯೋ ಕಾಲಿನಲ್ಲಿ ಒಮ್ಮೆಯಾದರೂ ‘ಅಪ್ಪಾ, ನೀನು ನಿನ್ನ ಕಥೆ ಬರೀಬೇಕು ಕಣೋ’ ಎಂದಿರಬೇಕು. ಹಾಗೆಂದ ಮಗ ಅದನ್ನು ಮುಂದೆ ಓದುವುದಿಲ್ಲ ಎಂಬುದು ಲಕ್ಷಣದಲ್ಲಿ ಸೇರಿಲ್ಲ, ಫಲಶ್ರುತಿಯಲ್ಲಿ ಬರುತ್ತದೆ. ಇಂಥವನನ್ನು ಈ ಗ್ರಂಥದಲ್ಲಿ ಸಾಧಕನೆಂದು ಕರೆದಿದೆ. ಮನೆಯಾಕೆ ಈ ಲಕ್ಷಣದೊಳಗೆ ಬರುವುದಿಲ್ಲ. ಆಕೆಗೆ ಬರೆಯಲು ಬೇಕಾದಷ್ಟು ವಿಷಯವಿದೆ, ನಿವೃತ್ತಿಯಿಲ್ಲ.

ಇನ್ನು ಕ್ಷೇತ್ರವಿಚಾರ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ತಮ್ಮ ಇಂಗ್ಲಿಷ್ ಮೊದಲಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬಡಾವಣೆಗೆ ಬಿಟ್ಟುಕೊಟ್ಟವು. ಪೂರ್ವಕ್ಕೆ ಸಿಲ್ಕ್ ಬೋರ್ಡ್, ಪಶ್ಚಿಮಕ್ಕೆ ಬನ್ನೇರುಘಟ್ಟ ರಸ್ತೆ, ನಡುವೆ ಹೊರವರ್ತುಲ ರಸ್ತೆ. ಬರವಣಿಗೆಗೆ ಇದು ಹೊಸ ನೆಲವೇನಲ್ಲ. ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ 1247ರ ತಮಿಳು ಶಾಸನವಿದೆ. ಇನ್ನಷ್ಟು ದಕ್ಷಿಣಕ್ಕೆ ಹೋದರೆ ಬೇಗೂರು. ಅಲ್ಲಿನ ಸುಮಾರು 890ರ ಕಲ್ಲೊಂದು ಬುಟ್ಟಣಸೆಟ್ಟಿ ಎಂಬಾತ ಬೆಂಗಳೂರು ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಊರಿನ ಹೆಸರಿಗೆ ಅಷ್ಟು ಹಳೆಯ ಆಧಾರ ಸಿಕ್ಕಿತೆಂದು ಇತಿಹಾಸಕಾರರಿಗೆ ಸಂತೋಷ. ನಮಗೆ ಮುಖ್ಯವಾದದ್ದು ಬೇರೆ. ಬುಟ್ಟಣಸೆಟ್ಟಿ ತನ್ನ ಬಗ್ಗೆ ತಾನು ಒಂದಕ್ಷರವನ್ನೂ ಗೀಚಲಿಲ್ಲ. ಸತ್ತ, ಬೇರೆಯವರು ಬರೆಸಿದರು, ಸಾವಿರದ ನೂರು ವರ್ಷ ಉಳಿಯಿತು. ಇಷ್ಟು ಚಿಕ್ಕದಾದ, ತಿದ್ದುಪಡಿ ಬೇಡದ, ಕರಡು ಕಾಣದ ಮಾರ್ಗ ಮತ್ತೊಂದಿಲ್ಲ. ಆದರೆ ಅದಕ್ಕೆ ತೆರಬೇಕಾದ ಶುಲ್ಕವನ್ನು ತಿಳಿಸಿದಾಗ ಸಾಧಕರು ಹಿಂಜರಿಯುತ್ತಾರೆ.

ಬಡಾವಣೆಯ ಎರಡನೇ ಹಂತದಲ್ಲಿ ಕುವೆಂಪು ನಗರವೆಂಬ ಪೇಟೆಯೇ ಇದೆ. ಕವಿಗಳ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಪ್ರಕಟವಾದದ್ದು 1980ರಲ್ಲಿ. ಅಲ್ಲೇ ಹತ್ತಿರದ ಮಡಿವಾಳ ಕೆರೆಯಲ್ಲಿ ಪ್ರವಾಸಿಗರಿಗೆ ದೋಣಿಗಳನ್ನು ಬಿಟ್ಟದ್ದುಂಟು. ಇವೆರಡರ ಕಾರ್ಯಕಾರಣ ಸಂಬಂಧವನ್ನು ಸ್ಥಾಪಿಸಲು ಒಂದು ಪಿಎಚ್‌ಡಿ ಸಾಲುತ್ತದೆ. ನಾವು ಅದನ್ನು ಕಿರಿಯ ಸಂಶೋಧಕರಿಗೆ ಬಿಟ್ಟಿದ್ದೇವೆ.

ಈಗ ಪೂರ್ವಪಕ್ಷ. ‘ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ’ ಎಂದು ಲಾಲ್‌ಬಾಗಿನ ನಡಿಗೆಗಾರರಿಂದ ಹಿಡಿದು ಯೋಗದ ಮೇಷ್ಟ್ರವರೆಗೆ ಎಲ್ಲರೂ ಹೇಳುತ್ತಾರೆ. ಈ ವಾದದ ಮೂಲವನ್ನು ಹುಡುಕುತ್ತ ಹೋದರೆ ಸಿಗುವವನು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಮುಖ ತಿದ್ದಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕೆಂದು ಆತ ತನ್ನ 1960ರ ಪುಸ್ತಕದಲ್ಲಿ ಬರೆದ. ಹೊಸ ಮೂಗಿಗೆ ಒಗ್ಗುವ ಅವಧಿಯನ್ನು ಹಳೇ ಬಾಳು ಬರೆಯುವುದಕ್ಕೆ ಅನ್ವಯಿಸುವುದು ಅತಿವ್ಯಾಪ್ತಿ ದೋಷ. ಮೇಲಾಗಿ ಆತ್ಮಕಥೆಯಲ್ಲಿ ಮೂಗನ್ನು ತಿದ್ದುವವನು ಲೇಖಕನೇ, ಹೊಂದಿಕೊಳ್ಳಬೇಕಾದವರು ನೆಂಟರು.

ಎರಡನೆಯ ಪೂರ್ವಪಕ್ಷ ಇನ್ನೂ ಗಟ್ಟಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಗಮನಿಸಿ, ಒಂದು ಕೆಲಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು 18ರಿಂದ 254 ದಿನ ಹಿಡಿಯುತ್ತದೆ, ನಡುಮಟ್ಟ 66 ಎಂದು ತೋರಿಸಿದರು. ಪ್ರಯೋಗ ನಡೆದದ್ದು 84 ದಿನ, ಫಲಿತಾಂಶದಲ್ಲಿ 254! ಉಳಿದದ್ದು ಗಣಿತದ ಗೆರೆ ಎಳೆದು ಕಂಡುಕೊಂಡದ್ದು. ಆತ್ಮಕಥೆಕಾರರಿಗೆ ಈ ವಿಧಾನ ಹೊಸದಲ್ಲ. ಅವರೂ ಮೂರನೇ ತರಗತಿಯ ಎರಡು ನೆನಪು ಇಟ್ಟುಕೊಂಡು ಒಂದು ಬಾಲ್ಯವನ್ನೇ ಎಳೆಯುತ್ತಾರೆ. ಇರಲಿ. ಆ ಪ್ರಯೋಗದಲ್ಲಿದ್ದವರು ಆರಿಸಿಕೊಂಡದ್ದು ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ಸಂಜೆ ಓಡುವುದು ಇಂಥ ಕೆಲಸಗಳನ್ನು. ಒಂದು ಲೋಟ ನೀರು ಕುಡಿಯುವುದಕ್ಕೂ ಸೋದರಮಾವನ ಬಗ್ಗೆ ಒಂದು ಪುಟ ಬರೆಯುವುದಕ್ಕೂ ಇರುವ ಅಂತರವನ್ನು ಅವರು ಅಳೆದಂತಿಲ್ಲ. ಅದೇ ಅಧ್ಯಯನದಲ್ಲಿ ‘ಒಂದು ದಿನ ತಪ್ಪಿದರೆ ಅಂಥ ನಷ್ಟವೇನಿಲ್ಲ’ ಎಂಬ ಮಾತೂ ಇದೆ. ನಮ್ಮ ಸಾಧಕರು ಇಡೀ ಪ್ರಬಂಧದಲ್ಲಿ ಬಾಯಿಪಾಠ ಮಾಡಿರುವುದು ಅದೊಂದನ್ನೇ.

ಮೂರನೆಯದು ಆ್ಯಂಟನಿ ಟ್ರಾಲಪ್ ಮಾರ್ಗ. ಅಂಚೆ ಇಲಾಖೆಯ ನೌಕರನಾಗಿದ್ದ ಈ ಇಂಗ್ಲಿಷ್ ಕಾದಂಬರಿಕಾರ ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರವನ್ನು ಎದುರಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. 47 ಕಾದಂಬರಿ ಬರೆದ. ತನ್ನ ಈ ಗುಟ್ಟನ್ನೆಲ್ಲ ಆತ್ಮಚರಿತ್ರೆಯಲ್ಲಿ ಬಿಚ್ಚಿಟ್ಟ. ಅದು ಆತ ಸತ್ತ ಮರುವರ್ಷ, 1883ರಲ್ಲಿ ಹೊರಬಂತು. ಬರಹಗಾರನೆಂದರೆ ಸ್ಫೂರ್ತಿಯ ಮನುಷ್ಯನೆಂದು ನಂಬಿದ್ದ ಓದುಗರು ಅದನ್ನೋದಿ ಮುಖ ಸಿಂಡರಿಸಿಕೊಂಡರು. ಟ್ರಾಲಪ್‌ನ ವಿಷಯಕ್ಕೆ ಮತ್ತೆ ಬರಬೇಕಾಗಿದೆ, ಅವನಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ.

ಈ ಮಾರ್ಗವನ್ನು ಬಿಟಿಎಂನಲ್ಲಿ ಪ್ರಯೋಗಕ್ಕೆ ಒಡ್ಡಿದಾಗ ಕಂಡದ್ದನ್ನು ಇಲ್ಲಿ ದಾಖಲಿಸುತ್ತೇವೆ. ಐದೂವರೆಗೆ ಸಾಧಕ ಏಳುತ್ತಾನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಕಾವೇರಿ ನೀರು ಬಿಡುವ ದಿನವಾಗಿದ್ದರೆ ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಬೇಕು. ನೀರು ಬಂದರೆ ಮೋಟಾರು ಹಾಕಬೇಕು. ಬಾರದಿದ್ದರೆ ಟ್ಯಾಂಕರಿನವನಿಗೆ ಫೋನು. ಕಾವೇರಿಯೇ ದಿನ ಬಿಟ್ಟು ದಿನ ಬರುವ ಊರಿನಲ್ಲಿ ಸರಸ್ವತಿ ದಿನಾ ಬರಬೇಕೆಂದು ಹಟ ಹಿಡಿಯುವುದು ಯಾವ ನ್ಯಾಯ? ಏಳಕ್ಕೆ ಕಸದ ಆಟೋ ಹಾಡಿಕೊಂಡು ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡದ ಪಿಜಿ ಹುಡುಗರ ಪರವಾಗಿ ಕ್ಷಮೆ ಕೇಳುವುದು ಮಾಲೀಕನ ಧರ್ಮ. ಎಂಟಕ್ಕೆ ಮೂರನೇ ಮಹಡಿಯಿಂದ ‘ಅಂಕಲ್, ಗೀಜರ್’ ಎಂಬ ಅಶರೀರವಾಣಿ. ಹತ್ತಕ್ಕೆ ಪೆನ್ನು ಕೈಗೆ ಬರುವ ಹೊತ್ತಿಗೆ ಡೆಲಿವರಿ ಹುಡುಗನೊಬ್ಬ ಗೇಟಿನಲ್ಲಿ ನಿಂತು, ಇದು ಮೊದಲನೇ ಹಂತದ ಏಳನೇ ಮೇನೋ ಎರಡನೇ ಹಂತದ್ದೋ ಎಂದು ಕೇಳುತ್ತಾನೆ. ಎರಡೂ ಹಂತಗಳಲ್ಲಿ ಅದೇ ಸಂಖ್ಯೆಯ ರಸ್ತೆ ಇಟ್ಟ ಮಹಾನುಭಾವರು ಆತ್ಮಕಥೆ ಬರೆದಿದ್ದರೆ ಓದಲು ನಮಗೆ ಆಸೆಯಿದೆ.

ಮನೆಯಲ್ಲಿ ಆಗದೆಂದು ಹೊರಗೆ ಹೋದವರೂ ಇದ್ದಾರೆ. ಉಡುಪಿ ಗಾರ್ಡನ್ ಸಿಗ್ನಲ್ಲಿನಲ್ಲಿ ಒಂದು ಒಳ್ಳೆಯ ವಾಕ್ಯ ಹೊಳೆಯಿತೆನ್ನಿ. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮರೆತುಹೋಗುತ್ತದೆಂದು 1885ರಲ್ಲಿ ಪ್ರಕಟಿಸಿದ. ಮಳೆ ಬಂದ ಸಂಜೆ ಉಡುಪಿ ಗಾರ್ಡನ್ನಿನಿಂದ ಸಿಲ್ಕ್ ಬೋರ್ಡ್ ದಾಟುವುದಕ್ಕೆ ಹಿಡಿಯುವ ಸಮಯವನ್ನು ಬಲ್ಲವರಿಗೆ ಮಿಕ್ಕ ಲೆಕ್ಕ ಹೇಳಬೇಕಾಗಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾಗಿ ಬಿಟಿಎಂಗೂ ಒಂದು ನಿಲ್ದಾಣ ಬಂದ ಮೇಲೆ ಸಾಧಕರಲ್ಲಿ ಹೊಸ ಸಂಕಟ ಕಾಣಿಸಿಕೊಂಡಿದೆ. ಮುಂದಿನ ನಿಲ್ದಾಣವೇ ಸಿಲ್ಕ್ ಬೋರ್ಡ್. ಈಗ ವಾಕ್ಯ ಮರೆಯಲು ಟ್ರಾಫಿಕ್ಕನ್ನು ದೂರುವಂತಿಲ್ಲ.

ಇಷ್ಟೆಲ್ಲ ದಾಟಿ ಬರೆಯಲು ಕೂತವನು ಮುಗ್ಗರಿಸುವುದು ಮೊದಲ ವಾಕ್ಯದಲ್ಲೇ. ‘ನಾನು ಹುಟ್ಟಿದ್ದು’ ಎಂದು ಶುರುಮಾಡಿದ ಕೂಡಲೇ ಪ್ರಮಾಣದ ಪ್ರಶ್ನೆ ಏಳುತ್ತದೆ. ಪ್ರತ್ಯಕ್ಷ ಪ್ರಮಾಣವಿಲ್ಲ, ಅಲ್ಲಿದ್ದರೂ ಗಮನಿಸಿರಲಿಲ್ಲ. ಶಬ್ದಪ್ರಮಾಣವೆಂದರೆ ಅಮ್ಮನ ಮಾತು, ಅದು ‘ಪ್ಲೇಗಿನ ಮಾರನೇ ವರ್ಷ, ಹೊನ್ನೆಮರದ ಹಸು ಕರು ಹಾಕಿದ ವಾರ’ ಎಂಬಷ್ಟಕ್ಕೆ ನಿಲ್ಲುತ್ತದೆ. ದಾಖಲೆ ಎಂದರೆ ಶಾಲೆಯ ರಿಜಿಸ್ಟರು. ಹಳ್ಳಿ ಶಾಲೆಗಳ ಹೆಡ್‌ಮಾಸ್ತರರು ಮಕ್ಕಳನ್ನು ಸೇರಿಸಿಕೊಳ್ಳುವಾಗ ಕೈಗೆ ಬಂದ ತಾರೀಖನ್ನು ಹಾಕಿ, ಒಂದು ತಲೆಮಾರನ್ನೇ ಮೇ-ಜೂನಿನಲ್ಲಿ ಹುಟ್ಟಿಸಿದ್ದು ಎಲ್ಲರಿಗೂ ಗೊತ್ತು. ಪಿಂಚಣಿ, ಪಾಸ್‌ಪೋರ್ಟು, ಆಧಾರ್ ಮೂರೂ ನಿಂತಿರುವುದು ಆ ತಾರೀಖಿನ ಮೇಲೆ. ನಿಜವನ್ನು ಬರೆದರೆ ಪಿಂಚಣಿ ಕಚೇರಿಗೆ ಉತ್ತರ ಹೇಳಬೇಕು. ಸುಳ್ಳು ಬರೆದರೆ ಮೊದಲ ವಾಕ್ಯವೇ ಸುಳ್ಳಾದ ಆತ್ಮಕಥೆ. ಅನೇಕ ಹಸ್ತಪ್ರತಿಗಳು ಇಲ್ಲಿಗೇ ಮುಗಿದಿವೆ.

ಅದನ್ನೂ ಹಾರಿದವರಿಗೆ ಎದುರಾಗುವುದು ಮುಂದಕ್ಕೆ ಹಾಕಿದ್ದ ಆ ಅನುಬಂಧ. ತಮ್ಮನ ಬಗೆಗಿನ ಅಧ್ಯಾಯವನ್ನು ಊರಿನ ಜಮೀನಿನ ಪಾಲುಪಟ್ಟಿ ರಿಜಿಸ್ಟರ್ ಆಗುವ ತನಕ ಬರೆಯುವಂತಿಲ್ಲ. ಪಕ್ಕದ ಮನೆಯವನ ಅಧ್ಯಾಯ ಇ-ಖಾತೆ ಕೈಗೆ ಬಂದ ಮೇಲೆ. ಭಾವಮೈದುನನ ಅಧ್ಯಾಯ, ಮನೆಯಾಕೆ ಊರಿಗೆ ಹೋದಾಗ. ಇವೆಲ್ಲ ಬಿಟ್ಟರೆ ಉಳಿಯುವುದು ಒಂದು ನಾಯಿ ಮತ್ತು ನಾಲ್ಕನೇ ತರಗತಿಯ ಮೇಷ್ಟ್ರು. ಡಿ.ವಿ.ಜಿ. ಈ ಕಗ್ಗಂಟನ್ನು ಬಿಡಿಸಿದ ರೀತಿ ಅಪೂರ್ವ: ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ತಮ್ಮನ್ನು ಆದಷ್ಟು ಮರೆಯಲ್ಲಿಟ್ಟು, ತಾವು ಕಂಡ ಬೇರೆಯವರನ್ನೆಲ್ಲ ಬರೆದರು, ಅದೂ ಗೌರವದಿಂದ. ಬೇರೆಯವರ ಬಗ್ಗೆ ಎಂಟು ಸಂಪುಟವಾಗುವಷ್ಟು ಗೌರವ ಉಳಿಸಿಕೊಂಡವರು ನಮ್ಮ ರಸ್ತೆಯಲ್ಲಿ ಯಾರೂ ಸಿಗಲಿಲ್ಲ.

ಯಾವ ವಯಸ್ಸಿಗೆ ಶುರುಮಾಡಬೇಕು ಎಂಬುದರಲ್ಲೂ ಆಚಾರ್ಯರಿಗೆ ಭಿನ್ನಮತವಿದೆ. ಆಗ್ರಾದ ಜೈನ ವರ್ತಕ ಬನಾರಸೀದಾಸ 1641ರಲ್ಲಿ, 55ನೆಯ ವಯಸ್ಸಿನಲ್ಲಿ, ಮನುಷ್ಯನ ಪೂರ್ಣಾಯುಷ್ಯ 110 ಎಂದು ಲೆಕ್ಕ ಹಾಕಿ ತನ್ನ ಪುಸ್ತಕಕ್ಕೆ ‘ಅರ್ಧಕಥಾನಕ’ ಎಂದು ಹೆಸರಿಟ್ಟ. ಉಳಿದರ್ಧ ಅವನಿಗೆ ದಕ್ಕಲಿಲ್ಲ, ಕೆಲವೇ ವರ್ಷಗಳಲ್ಲಿ ತೀರಿಕೊಂಡ. ನಮ್ಮ ಶಿವರಾಮ ಕಾರಂತರದು ಇದರ ತದ್ವಿರುದ್ಧ: ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ 1948ರಲ್ಲಿ ಬಂದಾಗ ಅವರಿಗೆ ಇನ್ನೂ ಐವತ್ತಾಗಿರಲಿಲ್ಲ. ಆಮೇಲೆ ಸುಮಾರು ಐವತ್ತು ವರ್ಷ ಬದುಕಿ, ‘ಸ್ಮೃತಿಪಟಲದಿಂದ’ ಎಂದು ಮತ್ತೆ ಬರೆಯಬೇಕಾಯಿತು. ಬನ್ನೇರುಘಟ್ಟ ರಸ್ತೆಯ ಆಚೆ, ಜೆ.ಪಿ. ನಗರದಲ್ಲಿ ಬಹುಕಾಲ ಇದ್ದ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ 2011ರಲ್ಲಿ ಬಂತು. ಅದರಲ್ಲಿರುವುದು ಬದುಕಿನ ಪೂರ್ವಾರ್ಧ ಮಾತ್ರ. ಇನ್ನರ್ಧಕ್ಕೆ ಓದುಗರು ಕಾದದ್ದಷ್ಟೇ ಬಂತು.

ಇನ್ನು ಸಿದ್ಧಾಂತ. ಟ್ರಾಲಪ್‌ನ ಗಡಿಯಾರವನ್ನು ಎಲ್ಲರೂ ಕೊಂಡಾಡುತ್ತಾರೆ, ಅವನ ಆಳನ್ನು ಯಾರೂ ನೆನೆಯುವುದಿಲ್ಲ. ಬೆಳಗ್ಗೆ ಕಾಫಿ ಹಿಡಿದು ಬಂದು ಎಬ್ಬಿಸಲೇಬೇಕೆಂದು ಟ್ರಾಲಪ್ ಆ ಮುದುಕನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಕೊಡುತ್ತಿದ್ದ. ತನ್ನ ಯಶಸ್ಸಿನಲ್ಲಿ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಸಲ್ಲಬೇಕೆಂದು ಬರೆದೂ ಇಟ್ಟಿದ್ದಾನೆ. ಗಾಂಧೀಜಿಯವರ ಆತ್ಮಕಥೆ 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. 1927ರಲ್ಲಿ ಅವರು ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ತಿಂಗಳುಗಟ್ಟಲೆ ವಿಶ್ರಾಂತಿಗಿದ್ದರಲ್ಲ, ಆಗ ಆ ಧಾರಾವಾಹಿ ನಡುದಾರಿಯಲ್ಲಿತ್ತು. ಅತ್ತ ಅಚ್ಚುಕೂಟ ಬಾಯಿ ತೆರೆದು ಕೂತಿದ್ದರೆ ಸತ್ಯಾನ್ವೇಷಣೆಗೂ ವಾರದ ಗಡುವು ಬರುತ್ತದೆ. ಯು.ಆರ್. ಅನಂತಮೂರ್ತಿಯವರ ‘ಸುರಗಿ’ 2012ರಲ್ಲಿ ಹೊರಬಂದದ್ದು ಜ.ನಾ. ತೇಜಶ್ರೀ ಎದುರು ಕೂತು ಕೇಳಿಸಿಕೊಂಡು ನಿರೂಪಿಸಿದ್ದರಿಂದ. ಮೂರು ದೃಷ್ಟಾಂತಗಳಿಂದ ಹೊರಡುವ ಅನುಮಾನ ಒಂದೇ: ಎಲ್ಲಿ ಕಾಯುವವನಿದ್ದಾನೋ ಅಲ್ಲಿ ಬರವಣಿಗೆಯಿದೆ. ಅಭ್ಯಾಸವೆಂದು ನಾವು ಹೊಗಳುವುದು ಬಹುಪಾಲು ಬೇರೊಬ್ಬರ ಕಾಟ.

ಇದಕ್ಕೆ ಸಾಧಕನ ಬದುಕೇ ಸಾಕ್ಷಿ. ಮೈಕೋದಲ್ಲೋ ಎಚ್‌ಎಎಲ್‌ನಲ್ಲೋ ಮೂರು ದಶಕ ಅವನು ಒಂದು ದಿನವೂ ತಡವಾಗದೆ ಗೇಟು ದಾಟಿದ. ಅದನ್ನು ತನ್ನ ಶಿಸ್ತು ಎಂದುಕೊಂಡಿದ್ದ. ಅದು ಸೈರನ್ನಿನ ಶಿಸ್ತಾಗಿತ್ತು. ಈಗ ಅವನ ಪುಟಕ್ಕಾಗಿ ಸಂಪಾದಕ ಕಾದಿಲ್ಲ, ಅಚ್ಚುಕೂಟ ಕಾದಿಲ್ಲ, ಮಗ ಆನ್‌ಲೈನ್ ಇದ್ದಾನೆ ಅಷ್ಟೆ. ಕಾಯುವವರೆಂದರೆ ಟ್ಯಾಂಕರಿನವನು, ಗೀಜರಿನವನು, ಡೆಲಿವರಿ ಹುಡುಗ. ಆದ್ದರಿಂದ ಅವನ ದಿನವೆಲ್ಲ ಅವರಿಗೇ ಸಲ್ಲುತ್ತದೆ, ನ್ಯಾಯವಾಗಿಯೇ. ಹೊಸ ನೋಟ್‌ಬುಕ್, ಹೊಸ ಪೆನ್ನು, ನೆನಪಿಸುವ ಆ್ಯಪ್ ಯಾವುವೂ ಕೆಲಸಕ್ಕೆ ಬಾರವು. ಅವುಗಳ ಎದುರು ಯಾರಿಗೂ ಮುಖಭಂಗವಾಗುವುದಿಲ್ಲ.

ಹೀಗಾಗಿ ಈ ಗ್ರಂಥದ ನಿರ್ಣಯವನ್ನು ಸಾಧಕನಿಗೆ ಹೇಳಿ ಫಲವಿಲ್ಲ, ಅವನ ನೆರೆಯವರಾದ ನಿಮಗೇ ಹೇಳಬೇಕು. ನಿಮ್ಮ ಕ್ರಾಸಿನಲ್ಲಿ ಯಾರಾದರೂ ಆತ್ಮಕಥೆ ಬರೆಯುತ್ತಿರುವುದು ಗೊತ್ತಾದರೆ, ಬೆಳಗ್ಗೆ ಹಾಲಿಗೆ ಹೋಗುವಾಗ ಗೇಟಿನ ಮುಂದೆ ನಿಂತು ‘ಸಾರ್, ಎಲ್ಲಿಗೆ ಬಂತು ಪುಸ್ತಕ?’ ಎಂದು ದಿನಾ ಕೇಳಿ, ಒಂದು ದಿನವೂ ಬಿಡಬೇಡಿ. ಓದಲು ಕೊಡಿ ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳಬೇಡಿ, ಕೊಟ್ಟುಬಿಟ್ಟಾರು.